ಪೋಕರ್ ಕಲಿಯಬೇಕಾ? ಮೊದಲು ಒಂದು ಕಿರ್ದಿ ಪುಸ್ತಕ ತನ್ನಿ

ಹೋದ ನವೆಂಬರ್‌ನಲ್ಲಿ ದಾವಣಗೆರೆಯಲ್ಲಿ ಚಿಕ್ಕಪ್ಪನ ಹೊಸ ಮನೆಯ ಗೃಹಪ್ರವೇಶ ಇತ್ತು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಚಿಕ್ಕಪ್ಪನ ಮಗ ಬಂದು ಕೈ ಹಿಡಿದು ಮಹಡಿಗೆ ಎಳೆದುಕೊಂಡು ಹೋದ. ಅವನದು ಎಂಜಿನಿಯರಿಂಗ್ ಎರಡನೇ ವರ್ಷ. ನೀರಿನ ಟ್ಯಾಂಕ್ ಹಿಂದೆ ನಿಂತು ಮೆಲ್ಲಗೆ ಕೇಳಿದ: "ಅಣ್ಣಾ, ನೀನು ಕಾಲೇಜಲ್ಲಿದ್ದಾಗ ಪೋಕರ್‌ನಲ್ಲಿ ದುಡ್ಡು ಮಾಡಿದ್ಯಂತೆ. ನನಗೂ ಹೇಳಿಕೊಡು. ಅಪ್ಪಂಗೆ ಮಾತ್ರ ಹೇಳ್ಬೇಡ."

ದುಡ್ಡು ಮಾಡಿದ್ದು ನಿಜ. ಕಳೆದಿದ್ದೂ ನಿಜ. ಎರಡನೆಯ ಸುದ್ದಿ ಅವನಿಗೆ ಗೊತ್ತಿರಲಿಲ್ಲ, ಯಾಕಂದ್ರೆ ನಾನು ಮನೆಯಲ್ಲಿ ಯಾರಿಗೂ ಹೇಳಿರಲೇ ಇಲ್ಲ. ಅವತ್ತು ಟ್ಯಾಂಕ್ ಹಿಂದೆ ಎರಡು ಗಂಟೆ ಮಾತಾಡಿದೆವು. ಆಮೇಲೆ ಫೋನಿನಲ್ಲಿ ಇನ್ನಷ್ಟು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನ ವಯಸ್ಸಿನವರು ಇನ್ನೂ ಬೇಕಾದಷ್ಟು ಜನ ಇದ್ದಾರೆ, ಅವರಿಗೂ ಬೇರೆ ಬೇರೆ ಟ್ಯಾಂಕ್‌ಗಳಿವೆ.

ಮೊದಲು ಕಾನೂನು, ಬೇಗ ಮುಗಿಸೋಣ

ನಾನು ಆಡಿದ ದಾರಿ, ಅಂದರೆ ಪೋಕರ್ ಎಂಬ ಇಸ್ಪೀಟ್ ಆಟವನ್ನು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡುವುದು, ಈಗ ಮುಚ್ಚಿದೆ. ಆನ್‌ಲೈನ್ ಗೇಮಿಂಗ್ ಮಸೂದೆ 2025ರ ಆಗಸ್ಟ್ 20ಕ್ಕೆ ಲೋಕಸಭೆಯಲ್ಲಿ, ಮಾರನೇ ದಿನ ರಾಜ್ಯಸಭೆಯಲ್ಲಿ ಪಾಸಾಯಿತು. 22ಕ್ಕೆ ರಾಷ್ಟ್ರಪತಿಗಳ ಸಹಿ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಬುದ್ಧಿವಂತಿಕೆಯದೋ ಅದೃಷ್ಟದ್ದೋ ಎಂಬ ಹಳೇ ವಾದಕ್ಕೆ ಈ ಕಾಯ್ದೆಯಲ್ಲಿ ಜಾಗವೇ ಇಲ್ಲ. ಎರಡೂ ನಿಷೇಧ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, ₹50 ಲಕ್ಷದವರೆಗೆ ದಂಡ. ಸುಮ್ನೆ ಆಡಿದವನಿಗೆ ಶಿಕ್ಷೆ ಇಟ್ಟಿಲ್ಲ. ಆದರೆ ಆಡಲು ಜಾಗವೂ ಇಟ್ಟಿಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಹೋಗಿವೆ.

ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. 2021ರ ಅಕ್ಟೋಬರ್ 5ಕ್ಕೆ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದನ್ನೇ ನಿಲ್ಲಿಸಿತ್ತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಆ ನಾಲ್ಕು ತಿಂಗಳು ಬೆಂಗಳೂರಿನ ಆಟಗಾರರು ಹೊಸೂರಿಗೆ ಹೋಗಿ ರೂಮ್ ಮಾಡುವ ಮಾತಾಡುತ್ತಿದ್ದದ್ದು ನೆನಪಿದೆ.

ಹಾಗಾದರೆ ಇನ್ನು ಕಲಿಯೋದು ಯಾಕೆ? ತಮ್ಮನೂ ಇದನ್ನೇ ಕೇಳಿದ. ಉತ್ತರ ಬರುತ್ತದೆ, ಸ್ವಲ್ಪ ತಡೆಯಿರಿ. ನನಗೆ ಪೋಕರ್‌ನಿಂದ ಬಂದ ದುಡ್ಡಿನಲ್ಲಿ ಟೇಬಲ್‌ನಿಂದ ಬಂದದ್ದು ಅರ್ಧಕ್ಕಿಂತ ಕಡಿಮೆ.

ಕಡ್ಲೆಬೀಜದಲ್ಲಿ ಕಲಿಯಿರಿ

ನಾನು 2014ರಲ್ಲಿ ಮೈಸೂರಿಗೆ ಓದಲು ಹೋದೆ. ಊರಲ್ಲಿ ದೀಪಾವಳಿಗೆ ರಮ್ಮಿ, ಮೂರೆಲೆ, ಅಂದರ್ ಬಾಹರ್ ನೋಡಿ ಬೆಳೆದವನು. ಪಿಜಿಯಲ್ಲಿ ಒಬ್ಬ ಸೀನಿಯರ್ ಫೇಸ್‌ಬುಕ್‌ನಲ್ಲಿ ಪುಕ್ಕಟೆ ಚಿಪ್ಸ್ ಪೋಕರ್ ಆಡುತ್ತಿದ್ದ. ಪುಕ್ಕಟೆ ಚಿಪ್ಸ್‌ನಲ್ಲಿ ಒಂದು ತೊಂದರೆ ಇದೆ. ಕಳೆದರೆ ನೋವಿಲ್ಲ, ಹಾಗಾಗಿ ಎಲ್ಲರೂ ಹುಚ್ಚುಹುಚ್ಚಾಗಿ ಆಡುತ್ತಾರೆ. ನಾವು ನಾಲ್ಕು ಜನ ಬೇರೆ ದಾರಿ ಮಾಡಿಕೊಂಡೆವು. ತಲೆಗೆ 100 ಕಡ್ಲೆಬೀಜ. ಎಲ್ಲ ಕಳೆದುಕೊಂಡವನು ಆ ವಾರ ಟೀ ಲೋಟ ತೊಳೆಯಬೇಕು. ಲೋಟ ತೊಳೆಯುವ ಭಯ ಇದೆಯಲ್ಲ, ಅದು ₹500ರ ಭಯಕ್ಕಿಂತ ಚೆನ್ನಾಗಿ ಆಟ ಕಲಿಸುತ್ತದೆ. ಒಂದೇ ನಿಯಮ: ಬೀಜ ತಿನ್ನುವ ಹಾಗಿಲ್ಲ.

ಟೆಕ್ಸಾಸ್ ಹೋಲ್ಡೆಮ್ ಅನ್ನೋದು ಪೋಕರ್‌ನ ಒಂದು ಬಗೆ, ಅದರ ನಿಯಮ ಅರ್ಧ ಗಂಟೆಯಲ್ಲಿ ಬರುತ್ತದೆ. ಪ್ರತಿಯೊಬ್ಬರಿಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ತೆರೆಯುತ್ತವೆ, ಅದು ಫ್ಲಾಪ್. ಆಮೇಲೆ ಒಂದು, ಟರ್ನ್. ಕೊನೆಗೆ ಒಂದು, ರಿವರ್. ಪ್ರತಿ ಹಂತದಲ್ಲೂ ಬೆಟ್. ಏಳರಲ್ಲಿ ಒಳ್ಳೆಯ ಐದು ಯಾರದೋ ಅವರದು ಪಾಟ್, ಅಂದರೆ ನಡುವೆ ಸೇರಿದ ಬೆಟ್ ದುಡ್ಡು. ಅಥವಾ ಎಲ್ಲರೂ ಎಲೆ ಎಸೆಯುವ ಹಾಗೆ ಮಾಡಿದವನದು ಪಾಟ್. ಈ ಎರಡನೇ ವಾಕ್ಯವೇ ಆಟ.

ಲೆಕ್ಕ ಮೂರೇ ಮೂರು ಸಾಕು ಶುರುವಿಗೆ.

ಒಂದು, ಕೈಗೆ ಏನು ಬರುತ್ತದೆ. ಎರಡೆಲೆಯ ಜೋಡಿ ಒಟ್ಟು 1,326 ಥರ ಬರಬಹುದು. ಅದರಲ್ಲಿ ಎರಡು ಎಕ್ಕ ಬರುವುದು 6 ಥರ. ಅಂದರೆ 221 ಸಲಕ್ಕೆ ಒಮ್ಮೆ. ಎರಡು ಎಕ್ಕ ಹಿಡಿದು ಎರಡು ರಾಜರ ಎದುರು ಕೂತರೂ ನೂರಕ್ಕೆ ಸುಮಾರು 18 ಸಲ ಸೋಲುತ್ತೀರಿ. ಆ 18ನ್ನು ಹೊಟ್ಟೆಯೊಳಗೆ ಇಳಿಸಿಕೊಳ್ಳಬೇಕು. ನನಗೆ ಅದಕ್ಕೆ ಎರಡು ವರ್ಷ ಬೇಕಾಯಿತು.

ಎರಡು, ಬೇಕಾದ ಎಲೆ ಬರುವ ಸಾಧ್ಯತೆ. ನಾಲ್ಕು ಆಟೀನು ಸೇರಿವೆ, ಐದನೆಯದು ಬೇಕು. ಉಳಿದ ಆಟೀನು 9. ಫ್ಲಾಪ್ ಆದಮೇಲೆ, ಎರಡು ಎಲೆ ಬಾಕಿ ಇದ್ದರೆ 9ನ್ನು 4ರಿಂದ ಗುಣಿಸಿ, ಒಂದೇ ಎಲೆ ಬಾಕಿ ಇದ್ದರೆ 2ರಿಂದ. 36, 18. ನಿಜವಾದ ಲೆಕ್ಕ ಸುಮಾರು 35 ಮತ್ತು 20. ಬೆರಳಲ್ಲಿ ಎಣಿಸುವ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದರೆ ಸಾಕು.

ಮೂರು, ಎಷ್ಟು ಕೊಟ್ಟರೆ ಎಷ್ಟು ಸಿಗುತ್ತದೆ. ಪಾಟ್‌ನಲ್ಲಿ ₹100 ಇದೆ. ಎದುರಿನವನು ₹50 ಹಾಕಿದ. ನೀವು ₹50 ಕೊಟ್ಟರೆ ಒಟ್ಟು ₹200. 200ರಲ್ಲಿ 50, ಅಂದರೆ ನೂರಕ್ಕೆ 25 ಸಲ ಗೆದ್ದರೆ ಸಮ. ಒಂದೇ ಎಲೆ ಬಾಕಿ ಇರುವ ಆಟೀನು ಆಸೆಗೆ 20 ಸಲ ಮಾತ್ರ. ಹಾಗಾಗಿ, ಆಮೇಲೆ ಅವನ ಹತ್ತಿರ ಇನ್ನೂ ದೊಡ್ಡ ದುಡ್ಡು ಕೀಳಬಹುದು ಅಂತ ಗ್ಯಾರಂಟಿ ಇಲ್ಲದಿದ್ದರೆ, ಎಲೆ ಎಸೆಯಬೇಕು. ಕೈ ನಡುಗದೆ ಎಸೆಯಬೇಕು.

ಇನ್ನು ಕೂತ ಜಾಗ. ಕೊನೆಯಲ್ಲಿ ಮಾತಾಡುವವನಿಗೆ ಅನುಕೂಲ ಜಾಸ್ತಿ. ನನಗೆ ಇದನ್ನು ಯಾವ ವಿಡಿಯೋನೂ ಕಲಿಸಬೇಕಾಗಿರಲಿಲ್ಲ. ಅಪ್ಪಾಜಿ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ. ಚಿಕ್ಕವನಿದ್ದಾಗ ದನದ ಸಂತೆಗೆ ಕರೆದುಕೊಂಡು ಹೋಗುತ್ತಿದ್ದರು. ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವವರಲ್ಲಿ ಮೊದಲು ಬೆರಳು ಮಡಚಿದವನ ಮುಖ ಯಾವಾಗಲೂ ಸ್ವಲ್ಪ ಸಪ್ಪೆ ಇರುತ್ತಿತ್ತು.

ಮನೆಯಲ್ಲಿ ಪಿಸಿ ಇದ್ದರೆ ಈಕ್ವಿಲ್ಯಾಬ್ ಥರದ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಯಾವ ಜೋಡಿ ಯಾವುದರ ಎದುರು ಎಷ್ಟು ಗೆಲ್ಲುತ್ತದೆ ಅಂತ ನೋಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಪೋಕರ್ ಥಿಯರಿ ಕೋರ್ಸ್ ಅವರ ಓಪನ್ ಕೋರ್ಸ್‌ವೇರ್‌ನಲ್ಲಿ ಪುಕ್ಕಟೆ ಇದೆ. ಸಾವಿರಾರು ರೂಪಾಯಿ ತೆಗೆದುಕೊಂಡು ಕಲಿಸುವವರ ಹತ್ತಿರ ಹೋಗಬೇಡಿ. ಅಂಥವರಲ್ಲಿ ಕೆಲವರು ಟೇಬಲ್‌ನಲ್ಲಿ ಸೋಲುತ್ತಿದ್ದದ್ದು ಆಮೇಲೆ ಕೆಲಸಕ್ಕೆ ಸೇರಿದ ಗೇಮಿಂಗ್ ಕಂಪನಿಯ ಡೇಟಾದಲ್ಲಿ ನಾನೇ ನೋಡಿದ್ದೇನೆ.

ಪರೀಕ್ಷೆ ಫೀಸು ಹೋದ ರಾತ್ರಿ

2015ರಲ್ಲಿ ₹500 ಹಾಕಿ ದುಡ್ಡಿನ ಟೇಬಲ್‌ಗೆ ಹೋದೆ. ₹2–₹4ರ ಟೇಬಲ್, ಅಂದರೆ ಎಲೆ ಹಂಚುವ ಮೊದಲೇ ಒಬ್ಬ ₹2, ಇನ್ನೊಬ್ಬ ₹4 ಕಡ್ಡಾಯವಾಗಿ ಹಾಕಬೇಕು. ಒಮ್ಮೆ ಕೂರಲು ₹400. ನಿಧಾನಕ್ಕೆ ₹6,000 ಆಯಿತು. 2017ರ ಜನವರಿ ಹೊತ್ತಿಗೆ ತಲೆ ತಿರುಗಿತು. ₹10–₹20ರ ಟೇಬಲ್‌ಗೆ ಹೋದೆ, ಒಮ್ಮೆ ಕೂರಲು ₹2,000. ಕೈಯಲ್ಲಿದ್ದದ್ದು ಮೂರು ಸಲ ಕೂರುವಷ್ಟು. ಇಂಥ ಆಟಕ್ಕೆ 30 ಸಲ ಕೂರುವಷ್ಟು ದುಡ್ಡು ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ನನಗೂ ಗೊತ್ತಿತ್ತು.

ಒಂದು ರಾತ್ರಿ ನನಗೆ ಎರಡು ರಾಜ, ಎದುರಿನವನಿಗೆ ಎರಡು ಎಕ್ಕ. ಅದು ತಪ್ಪಲ್ಲ, ಯಾರಾದರೂ ಸೋಲುತ್ತಾರೆ. ತಪ್ಪು ಅದರ ನಂತರ ಆಯಿತು. ಅಪ್ಪಾಜಿ ಪರೀಕ್ಷೆ ಫೀಸು ಮತ್ತು ಪಿಜಿ ಬಾಡಿಗೆ ಅಂತ ಹಾಕಿದ್ದ ₹18,000 ಅಕೌಂಟ್‌ನಲ್ಲಿತ್ತು. ಬೆಳಗಿನ ಜಾವ 4ಕ್ಕೆ ಅದರಲ್ಲಿ ₹700 ಉಳಿದಿತ್ತು. ರೂಮ್‌ಮೇಟ್ ಹತ್ತಿರ ಸಾಲ ಮಾಡಿ ಫೀಸು ಕಟ್ಟಿದೆ, ಲೇಟ್ ಫೀಸು ಸೇರಿಸಿ. ಅಪ್ಪಾಜಿಗೆ ಲ್ಯಾಬ್ ಫೀಸು ಅಂತ ಸುಳ್ಳು ಹೇಳಿ ಇನ್ನಷ್ಟು ತರಿಸಿಕೊಂಡೆ. ಆ ಸುಳ್ಳು ಈಗಲೂ ಚುಚ್ಚುತ್ತದೆ, ₹18,000 ಚುಚ್ಚುವುದಿಲ್ಲ.

ತಮಾಷೆ ನೋಡಿ. ಅದೇ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪ್ರೋಗ್ರಾಂ ನಾಲ್ಕು ಜನ ವೃತ್ತಿಪರ ಆಟಗಾರರನ್ನು 1,20,000 ಹ್ಯಾಂಡ್‌ಗಳಲ್ಲಿ (ಒಮ್ಮೆ ಎಲೆ ಹಂಚಿ ಆಡಿ ಮುಗಿಸಿದರೆ ಒಂದು ಹ್ಯಾಂಡ್) ಸೋಲಿಸಿತು. ಅದಕ್ಕೆ ಎರಡು ರಾಜ ಎರಡು ಎಕ್ಕಕ್ಕೆ ಸೋತರೆ ನಿದ್ದೆ ಕೆಡುತ್ತಿರಲಿಲ್ಲ. ನನಗೆ ಕೆಡುತ್ತಿತ್ತು. ನಮ್ಮಿಬ್ಬರ ಮುಖ್ಯ ವ್ಯತ್ಯಾಸ ಅಷ್ಟೇ ಅಂತ ಆಗ ಅಂದುಕೊಂಡಿದ್ದೆ. ಗಣಿತದಲ್ಲೂ ಇತ್ತು ಅಂತ ಆಮೇಲೆ ತಿಳಿಯಿತು.

ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪಾಜಿಯ ಮಂಡಿಯಿಂದ ಒಂದು ಖಾಲಿ ಕಿರ್ದಿ ಪುಸ್ತಕ ತಂದೆ. ಕೆಂಪು ಬಟ್ಟೆಯ ರಟ್ಟು. ಯಾಕೆ ಅಂತ ಅವರು ಕೇಳಲಿಲ್ಲ, ಖುಷಿಯಾದ ಹಾಗೆ ಕಂಡರು. ಅದರಲ್ಲಿ ಈ ಕಾಲಂ ಹಾಕಿದೆ: ತಾರೀಖು, ಕೂತ ಹೊತ್ತು, ಎದ್ದ ಹೊತ್ತು, ಟೇಬಲ್, ಹಾಕಿದ್ದು, ತೆಗೆದದ್ದು, ಯಾಕೆ ಎದ್ದೆ.

ಕೊನೆಯ ಕಾಲಂ ನನ್ನನ್ನು ಉಳಿಸಿತು. "ದುಡ್ಡು ಮುಗಿಯಿತು", "ಕಣ್ಣು ಉರಿಯಿತು", "ಇನ್ನೂ ಗೆಲ್ಲುತ್ತಿದ್ದೆ, ಕರೆಂಟ್ ಹೋಯಿತು". ಆರು ತಿಂಗಳ ನಂತರ ಕೂಡಿಸಿ ನೋಡಿದೆ. ರಾತ್ರಿ 12 ದಾಟಿ ಆಡಿದ 31 ದಿನಗಳಲ್ಲಿ 24 ದಿನ ನಷ್ಟ. ಸಂಜೆ 7ರಿಂದ 10ರವರೆಗೆ ಆಡಿದ್ದು ಲಾಭ. ನಾನು ಕೆಟ್ಟ ಆಟಗಾರ ಆಗಿರಲಿಲ್ಲ, ನಿದ್ದೆಗೆಟ್ಟ ಆಟಗಾರ ಆಗಿದ್ದೆ. ಮೊಬೈಲ್ ಆ್ಯಪ್ ಲಾಭ ನಷ್ಟ ತೋರಿಸುತ್ತದೆ ನಿಜ. ಆದರೆ "ಯಾಕೆ ಎದ್ದೆ" ಅಂತ ಅದು ಕೇಳುವುದಿಲ್ಲ. ಅದಕ್ಕೆ ನೀವು ಏಳೋದು ಬೇಕಾಗಿಲ್ಲ.

ಕಡ್ಲೆಬೀಜದ ಆಟಕ್ಕೂ ಈ ಪುಸ್ತಕ ಇಡಿ. ತಮಾಷೆ ಮಾಡುತ್ತಿಲ್ಲ.

ಅದೃಷ್ಟದ ಏರಿಳಿತದ ಬಗ್ಗೆಯೂ ಒಂದು ಲೆಕ್ಕ ಕೊಡುತ್ತೇನೆ. ಒಬ್ಬ ಆಟಗಾರ 100 ಹ್ಯಾಂಡ್‌ಗೆ ಸರಾಸರಿ 5 ಬಿಗ್ ಬ್ಲೈಂಡ್ (ಮೊದಲೇ ಹಾಕುವ ಕಡ್ಡಾಯ ಬೆಟ್‌ಗಳಲ್ಲಿ ದೊಡ್ಡದು, ₹2–₹4ರ ಟೇಬಲ್‌ನಲ್ಲಿ ₹4) ಗೆಲ್ಲುತ್ತಾನೆ ಅನ್ನಿ. ಇದು ಚೆನ್ನಾದ ಆಟ. ಆರು ಜನರ ಟೇಬಲ್‌ನಲ್ಲಿ ಏರಿಳಿತ 100 ಹ್ಯಾಂಡ್‌ಗೆ ಸುಮಾರು 90 ಬಿಗ್ ಬ್ಲೈಂಡ್. ಸ್ಟ್ಯಾಂಡರ್ಡ್ ಡೀವಿಯೇಶನ್ ಲೆಕ್ಕ ಹಾಕಿದರೆ, 10,000 ಹ್ಯಾಂಡ್ ಆಡಿದ ಮೇಲೂ ಇಂಥ ಒಳ್ಳೆಯ ಆಟಗಾರ ಹತ್ತರಲ್ಲಿ ಸುಮಾರು ಮೂರು ಸಲ ನಷ್ಟದಲ್ಲೇ ಇರುತ್ತಾನೆ. 1,00,000 ಹ್ಯಾಂಡ್ ಆದಮೇಲೆ ಅದು ನೂರಕ್ಕೆ ನಾಲ್ಕಕ್ಕೆ ಇಳಿಯುತ್ತದೆ. ಒಂದು ಟೇಬಲ್‌ನಲ್ಲಿ ಗಂಟೆಗೆ 65 ಹ್ಯಾಂಡ್ ಅಂದುಕೊಂಡು ಎಷ್ಟು ಗಂಟೆ ಆಗುತ್ತದೆ ಅಂತ ನೀವೇ ಭಾಗಿಸಿ. ಹಾಗಾಗಿ "ಹೋದ ತಿಂಗಳು ಗೆದ್ದೆ, ನನಗೆ ಆಟ ಬರುತ್ತೆ" ಅನ್ನೋದು ಒಂದು ಮಳೆ ನೋಡಿ ಮುಂಗಾರು ಹೇಳಿದ ಹಾಗೆ.

ಬೆಂಗಳೂರಿನ ಸಂತೋಷ್ ಸುವರ್ಣ 2024ರಲ್ಲಿ ಲಾಸ್ ವೇಗಸ್‌ನಲ್ಲಿ 2,50,000 ಡಾಲರ್ ಪ್ರವೇಶದ ಟೂರ್ನಮೆಂಟ್ ಗೆದ್ದು 54 ಲಕ್ಷ ಡಾಲರ್ ತಂದಾಗ ನಮ್ಮ ಹಳೇ ಗುಂಪಿನಲ್ಲಿ ಹಬ್ಬ. ಇಪ್ಪತ್ತು ವರ್ಷ ಹಿಂದೆ, 2003ರಲ್ಲಿ, ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ನೂರು ಡಾಲರ್‌ಗೂ ಕಡಿಮೆ ದುಡ್ಡಿನ ಆನ್‌ಲೈನ್ ಟೂರ್ನಮೆಂಟ್‌ನಿಂದ ಹೊರಟು 839 ಜನರ ನಡುವೆ 25 ಲಕ್ಷ ಡಾಲರ್ ಗೆದ್ದಾಗ ಇಡೀ ಅಮೆರಿಕದ ಕಾಲೇಜುಗಳಲ್ಲಿ ಹಬ್ಬ. ಉಳಿದ 838 ಜನರ ಹೆಸರು ನನಗೂ ಗೊತ್ತಿಲ್ಲ.

ದಲ್ಲಾಳಿ ಕುರ್ಚಿ

ಮೊದಲು ರೇಕ್ ಅಂದರೇನು ತಿಳಿಯಿರಿ. ಪ್ರತಿ ಪಾಟ್‌ನಿಂದ ಕಂಪನಿ ಸ್ವಲ್ಪ ತೆಗೆಯುತ್ತದೆ, ಸಾಮಾನ್ಯವಾಗಿ ನೂರಕ್ಕೆ 5, ಒಂದು ಮಿತಿಯವರೆಗೆ. ನನ್ನ ₹2–₹4ರ ಟೇಬಲ್‌ನಲ್ಲಿ ಹ್ಯಾಂಡ್‌ಗೆ ಸರಾಸರಿ ₹3 ಹೋಗುತ್ತಿತ್ತು ಅನ್ನಿ. 65 ಹ್ಯಾಂಡ್‌ಗೆ ₹195. ರಾತ್ರಿ ನಾಲ್ಕು ಗಂಟೆ ಆಡಿದರೆ ಆ ಒಂದು ಟೇಬಲ್‌ನಿಂದ ₹780 ಮಾಯ. ಆರು ಜನ ಸೇರಿ ಪ್ರತಿ ರಾತ್ರಿ ₹780 ಸೋಲಲೇಬೇಕು. ಯಾರು ಗೆದ್ದರು ಅನ್ನೋದು ಆಮೇಲಿನ ಮಾತು.

ಇದನ್ನು ಲೆಕ್ಕ ಹಾಕಿದ ದಿನ ಅಪ್ಪಾಜಿಯ ಮಂಡಿ ಕಣ್ಣಿಗೆ ಬಂತು. ರೇಟು ಏರಿದರೂ ಇಳಿದರೂ ದಲಾಲಿ ದಲಾಲಿಯೇ. ಆ ಕಡೆ ಕುರ್ಚಿಯಲ್ಲಿ ಕೂರಬೇಕು ಅನ್ನಿಸಿತು.

2017ರಲ್ಲಿ ಅಫಿಲಿಯೇಟ್ ಆದೆ. ನನ್ನ ಲಿಂಕ್‌ನಿಂದ ಸೇರಿದವರ ರೇಕ್‌ನಲ್ಲಿ ನೂರಕ್ಕೆ 25 ನನಗೆ. ಹದಿನೇಳು ಜನರನ್ನು ಸೇರಿಸಿದೆ, ಹೆಚ್ಚಿನವರು ನಮ್ಮ ಕಾಲೇಜಿನವರೇ. ಕೆಲವು ತಿಂಗಳು ₹9,000 ಬಂತು. ಮಲಗಿದ್ದರೂ ಬರುವ ದುಡ್ಡು. ಕಂಪನಿಯ ಪೇಜಿನಲ್ಲಿ ಯಾರ ರೇಕ್ ಎಷ್ಟು ಅಂತ ಕಾಣುತ್ತಿತ್ತು. ಒಂದು ಬೆಳಗ್ಗೆ ನೋಡಿದರೆ ಒಬ್ಬ ಜೂನಿಯರ್ ಹೆಸರಿನ ಮುಂದೆ ಒಂದೇ ರಾತ್ರಿಯ ರೇಕ್ ₹640. ಅಷ್ಟು ರೇಕ್ ಬರಬೇಕಾದರೆ ಅವನು ಬೆಳಗಾಗುವ ತನಕ, ದೊಡ್ಡ ಟೇಬಲ್‌ನಲ್ಲಿ ಕೂತಿರಬೇಕು. ಅದರಲ್ಲಿ ನನ್ನ ಪಾಲು ₹160. ಫೋನ್ ಮಾಡಿದೆ. ಎತ್ತಲಿಲ್ಲ. ರೂಮಿಗೆ ಹೋದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಆ ಸೆಮಿಸ್ಟರ್ ಅವನು ಪರೀಕ್ಷೆಗೆ ಕೂರಲಿಲ್ಲ.

ಲಿಂಕ್ ತೆಗೆದುಹಾಕಿದೆ. ಒಳ್ಳೆಯವನಾಗಿ ಅಲ್ಲ, ಭಯಕ್ಕೆ. ಈಗ ಆ ಕೆಲಸಕ್ಕೇ ಕಾನೂನು ಅಡ್ಡ ಬರುತ್ತದೆ. ಹೊರದೇಶದ ಸೈಟ್‌ನ ರೆಫರಲ್ ಲಿಂಕ್ ಹಂಚಿ ಕಮಿಷನ್ ತಗೋ ಅಂತ ಟೆಲಿಗ್ರಾಂನಲ್ಲಿ ಯಾರಾದರೂ ಕರೆದರೆ, ಮೇಲೆ ಬರೆದ ₹50 ಲಕ್ಷದ ಸಾಲನ್ನು ಇನ್ನೊಮ್ಮೆ ಓದಿ.

ಸ್ಟೇಕಿಂಗ್ ಕೂಡ ಮಾಡಿದೆ. ಇದು ಹೊಲ ಕೋರಿಗೆ ಕೊಟ್ಟ ಹಾಗೆ. ದುಡ್ಡು ನನ್ನದು, ಆಟ ಅವನದು, ಲಾಭ ಅರ್ಧ ಅರ್ಧ. ಸೋತರೆ ಆ ನಷ್ಟ ಮುಂದಿನ ಲೆಕ್ಕಕ್ಕೆ ಹೋಗುತ್ತದೆ, ಅದು ತೀರುವವರೆಗೆ ಅವನಿಗೆ ಪಾಲಿಲ್ಲ. ಇದಕ್ಕೆ ಮೇಕಪ್ ಅನ್ನುತ್ತಾರೆ. ನಾಲ್ಕು ಜನರಿಗೆ ಕೊಟ್ಟೆ. ಒಬ್ಬ ಮೇಕಪ್ ₹30,000 ಆದಾಗ ನಂಬರ್ ಬದಲಾಯಿಸಿದ. ಬರೆದುಕೊಂಡಿರಲಿಲ್ಲ, ಸಹಿ ಇರಲಿಲ್ಲ. ಕೋರಿಗೆ ಕೊಡುವಾಗಲಾದರೂ ಊರ ನಾಲ್ಕು ಜನ ಸಾಕ್ಷಿ ಇರುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು ಕ್ಲಬ್ ಆ್ಯಪ್‌ಗಳ ವ್ಯವಹಾರ. ಆ್ಯಪ್‌ನಲ್ಲಿ ಬರೀ ಚಿಪ್ಸ್, ದುಡ್ಡು ವಾಟ್ಸಾಪ್ ಏಜೆಂಟ್ ಕೈಯಿಂದ ಯುಪಿಐನಲ್ಲಿ. ಈಗ ದುಡ್ಡಿನ ಆ್ಯಪ್‌ಗಳು ಮುಚ್ಚಿದ ಮೇಲೆ ಹುಡುಗರನ್ನು ಕರೆಯುತ್ತಿರುವುದು ಇಲ್ಲಿಗೇ. 2019ರಲ್ಲಿ ಏಜೆಂಟ್ ಒಬ್ಬ ನನಗೆ ಗೆದ್ದ ದುಡ್ಡು ಕಳಿಸಿದ, ಯಾವುದೋ ಗೊತ್ತಿಲ್ಲದ ಹೆಸರಿನ ಅಕೌಂಟ್‌ನಿಂದ. ಎರಡು ವಾರಕ್ಕೆ ನನ್ನ ಬ್ಯಾಂಕ್ ಅಕೌಂಟ್ ಫ್ರೀಜ್. ಬ್ಯಾಂಕಿನಲ್ಲಿ ಕೇಳಿದರೆ, ಬೇರೆ ರಾಜ್ಯದ ಸೈಬರ್ ಪೊಲೀಸರ ಪತ್ರ ಬಂದಿದೆ ಅಂದರು. ನನಗೆ ಬಂದದ್ದು ಯಾರಿಗೋ ಮೋಸ ಮಾಡಿ ಕಿತ್ತ ದುಡ್ಡು. ನಾನು ಸೇರಿಸಿಟ್ಟಿದ್ದ ₹41,000 ನಾಲ್ಕು ತಿಂಗಳು ಸಿಕ್ಕಿಕೊಂಡಿತ್ತು. ಮೇಲ್, ಆಧಾರ್ ಪ್ರತಿ, ಸ್ಟೇಟ್‌ಮೆಂಟ್, ಮತ್ತೆ ಮೇಲ್. "ಈ ದುಡ್ಡು ನಿನಗೆ ಯಾಕೆ ಬಂತು?" ಅನ್ನುವ ಪ್ರಶ್ನೆಗೆ ಏನಂತ ಬರೆಯುವುದು ಹೇಳಿ. ಯಾರಿಗಾದರೂ ನಿಮ್ಮ ಅಕೌಂಟ್ ಬಾಡಿಗೆಗೆ ಕೊಟ್ಟರಂತೂ ಕಥೆ ಇನ್ನೂ ಕೆಟ್ಟದು. ದುಡ್ಡು ಕಳೆದುಕೊಂಡವರು ನೀವಾದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಗಂಟೆಗಳ ಲೆಕ್ಕ ಅದು.

ದೊಡ್ಡ ಕಂಪನಿ ಆದರೆ ಭದ್ರ ಅಂತಲೂ ಇಲ್ಲ. 2011ರ ಏಪ್ರಿಲ್ 15ಕ್ಕೆ ಅಮೆರಿಕ ಸರ್ಕಾರ ಮೂರು ದೊಡ್ಡ ಪೋಕರ್ ಸೈಟ್‌ಗಳ ಮೇಲೆ ಕೇಸು ಹಾಕಿತು. ಅದರಲ್ಲಿ ಫುಲ್ ಟಿಲ್ಟ್ ಹತ್ತಿರ ಆಟಗಾರರಿಗೆ ವಾಪಸ್ ಕೊಡಲು ದುಡ್ಡೇ ಇರಲಿಲ್ಲ. ಅಲ್ಲಿನವರಿಗೆ ದುಡ್ಡು ಬರಲು ಶುರುವಾದದ್ದು 2014ರಲ್ಲಿ.

ತೆರಿಗೆ ಬಗ್ಗೆ ಎರಡೇ ಮಾತು, ಹಳೇ ವರ್ಷಗಳಲ್ಲಿ ಆಡಿದವರಿಗೆ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿಗೆ ನೂರಕ್ಕೆ 30 ಟಿಡಿಎಸ್. ₹10,000 ಹಾಕಿ ₹25,000 ತೆಗೆದರೆ ₹15,000ಕ್ಕೆ ₹4,500. ನಿಮಗೆ ಬೇರೆ ಆದಾಯ ಇಲ್ಲದಿದ್ದರೂ ಈ ತೆರಿಗೆ ವಾಪಸ್ ಬರುವುದಿಲ್ಲ. ಹೋದ ವರ್ಷದ ನಷ್ಟ ತೋರಿಸಿ ಕಡಿಮೆ ಮಾಡಿಸಿಕೊಳ್ಳಲೂ ಆಗುವುದಿಲ್ಲ. ರಿಟರ್ನ್ ಹಾಕದೆ ಬಿಟ್ಟಿದ್ದರೆ ಒಬ್ಬ ಆಡಿಟರ್ ಹತ್ತಿರ ಹೋಗಿ.

ಈಗ ಉಳಿದಿರುವ ಕೆಲಸ

ಓದುವಾಗ ವಾರದ ಕೊನೆಗೆ ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ಎಲೆ ಹಂಚುವ ಕೆಲಸ ಮಾಡಿದೆ. ಡೀಲರ್ ಆಗಲು ಕೈ ಚುರುಕು ಬೇಕು, ಆದರೆ ಅದಕ್ಕಿಂತ ಪಾಟ್ ಲೆಕ್ಕ ಬೇಕು. ಮೂವರು ಆಲ್ ಇನ್, ಅಂದರೆ ಮುಂದಿದ್ದದ್ದೆಲ್ಲ ಹಾಕಿದೆ, ಅಂದರು: ಒಬ್ಬ ₹500, ಒಬ್ಬ ₹1,200, ಒಬ್ಬ ₹2,000. ಮುಖ್ಯ ಪಾಟ್ ₹1,500, ಮೂವರಿಗೂ ಸೇರಿದ್ದು. ಸೈಡ್ ಪಾಟ್ ₹1,400, ದೊಡ್ಡವರಿಬ್ಬರದು. ₹800 ಮೂರನೆಯವನಿಗೆ ವಾಪಸ್. ಸಿಗರೇಟ್ ಹೊಗೆಯಲ್ಲಿ, ರಾತ್ರಿ 2ಕ್ಕೆ, ಮೂವರೂ ಕೂಗುತ್ತಿರುವಾಗ ಇದನ್ನು ಐದು ಸೆಕೆಂಡಿನಲ್ಲಿ ಹೇಳಬೇಕು. ಇದೇ ಕೆಲಸ ಕಾನೂನು ಪ್ರಕಾರ ಬೇಕಿದ್ದರೆ ಗೋವಾದ ಕ್ಯಾಸಿನೋಗಳಿವೆ, ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ನಿಂತ ಹಡಗುಗಳು. ಸಂಬಳ, ಊಟ, ಟಿಪ್ಸ್. ನಿದ್ದೆ ಹಗಲಲ್ಲಿ. 21 ಆಗದೆ ಒಳಗೆ ಬಿಡುವುದಿಲ್ಲ.

ನನಗೆ ನಿಜವಾಗಿ ಅನ್ನ ಕೊಟ್ಟದ್ದು ಬೇರೆ. ಡಿಗ್ರಿ ಮುಗಿದ ಮೇಲೆ ಒಂದು ಗೇಮಿಂಗ್ ಕಂಪನಿಯಲ್ಲಿ ಮೋಸ ಹಿಡಿಯುವ ತಂಡಕ್ಕೆ ಸೇರಿದೆ. ಇಂಟರ್‌ವ್ಯೂನಲ್ಲಿ ಕೇಳಿದ ಮೊದಲ ಪ್ರಶ್ನೆ: "ಇಬ್ಬರು ಗೆಳೆಯರು ಒಂದೇ ಟೇಬಲ್‌ನಲ್ಲಿ ಕೂತು ಸೇರಿ ಆಡಿದರೆ ಹೇಗೆ ಕಂಡುಹಿಡಿಯುತ್ತೀಯ?" ನನ್ನ ಉತ್ತರ ಪಿಜಿಯ ಕಡ್ಲೆಬೀಜದಿಂದ ಬಂತು. ಅಲ್ಲೂ ಇಬ್ಬರು ಹಾಗೆ ಮಾಡುತ್ತಿದ್ದರು. ಅವರು ಒಬ್ಬರಿಗೊಬ್ಬರು ಎದುರು ಬಂದಾಗ ಮಾತ್ರ ಮೆತ್ತಗಾಗುತ್ತಾರೆ, ಒಳ್ಳೆಯ ಎಲೆಯನ್ನೂ ಎಸೆಯುತ್ತಾರೆ. ಡೇಟಾದಲ್ಲಿ ಅದು ಕಾಣುತ್ತದೆ. ಒಂದೇ ವೈಫೈ, ಒಟ್ಟಿಗೆ ಬರುವುದು, ಒಟ್ಟಿಗೆ ಏಳುವುದು. ಬಾಟ್ (ಮನುಷ್ಯನ ಬದಲು ಆಡುವ ಪ್ರೋಗ್ರಾಂ) ಆದರೆ ಪ್ರತಿ ನಿರ್ಧಾರಕ್ಕೂ ಒಂದೇ ಥರದ ಹೊತ್ತು ತೆಗೆದುಕೊಳ್ಳುತ್ತದೆ, ಹದಿನಾರು ಗಂಟೆ ಆಡಿದರೂ ಟಾಯ್ಲೆಟ್‌ಗೆ ಹೋಗುವುದಿಲ್ಲ.

ಆ ಕೆಲಸಕ್ಕೆ ಬೇಕಾದದ್ದು ಎಸ್‌ಕ್ಯೂಎಲ್ (ಡೇಟಾ ಹುಡುಕುವ ಭಾಷೆ), ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್, ಸಂಭವನೀಯತೆಯ ಗಣಿತ, ಮತ್ತು ಅನುಮಾನದ ಬುದ್ಧಿ. 2025ರ ಆಗಸ್ಟ್ 22 ಶುಕ್ರವಾರ. ನಮ್ಮ ಟೇಬಲ್‌ಗಳು ನಿಂತವು. ಸೆಪ್ಟೆಂಬರ್‌ಗೆ ನನ್ನ ಕೆಲಸ ಹೋಯಿತು. ಡಿಸೆಂಬರ್ ಹೊತ್ತಿಗೆ ಪೇಮೆಂಟ್ ಕಂಪನಿಯೊಂದರಲ್ಲಿ ಫ್ರಾಡ್ ಹಿಡಿಯುವ ಕೆಲಸ ಸಿಕ್ಕಿತು. ಅಲ್ಲಿ ಹುಡುಕುವುದು ಅದೇ: ಒಟ್ಟಿಗೆ ಬರುವವರು, ಒಟ್ಟಿಗೆ ಏಳುವವರು, ಬಾಡಿಗೆ ಅಕೌಂಟ್‌ಗಳು. 2019ರಲ್ಲಿ ನನ್ನ ಅಕೌಂಟ್ ಫ್ರೀಜ್ ಮಾಡಿಸಿದ ಥರದ ಕಾಗದಗಳು ಈಗ ನನ್ನ ಟೇಬಲ್ ಮೇಲೆ ಬರುತ್ತವೆ.

ಹಾಗಾಗಿ ತಮ್ಮನಿಗೆ ದುಡ್ಡಿನ ಆಟ ಬಿಟ್ಟು ಒಂದು ಪ್ರಾಜೆಕ್ಟ್ ಕೊಟ್ಟೆ. ಕೂನ್ ಪೋಕರ್. ಹೆರಾಲ್ಡ್ ಕೂನ್ ಎಂಬ ಗಣಿತಜ್ಞ 1950ರಲ್ಲಿ ಬರೆದ ಪುಟಾಣಿ ಆಟ. ಮೂರೇ ಎಲೆ: ಗುಲಾಮ, ರಾಣಿ, ರಾಜ. ಇಬ್ಬರು ಆಟಗಾರರು, ತಲೆಗೊಂದು ಎಲೆ, ತಲೆಗೊಂದು ನಾಣ್ಯ, ಬೆಟ್ ಮಾಡಿದರೆ ಇನ್ನೊಂದು ನಾಣ್ಯ. ಅಷ್ಟೇ. ಇದರಲ್ಲಿ ಪೂರ್ತಿ ಪೋಕರ್ ಇದೆ. ಉದಾಹರಣೆಗೆ, ಮೊದಲನೆಯವನು ಚೆಕ್ (ಸದ್ಯಕ್ಕೆ ಬೆಟ್ ಇಲ್ಲ) ಅಂದಾಗ, ಗುಲಾಮ ಹಿಡಿದ ಎರಡನೆಯವನು ಮೂರರಲ್ಲಿ ಒಂದು ಸಲ ಸುಳ್ಳು ಬೆಟ್ ಮಾಡಬೇಕು. ಜಾಸ್ತಿ ಮಾಡಿದರೆ ಸಿಕ್ಕಿಬೀಳುತ್ತಾನೆ, ಕಡಿಮೆ ಮಾಡಿದರೆ ರಾಜ ಬಂದಾಗ ಯಾರೂ ದುಡ್ಡು ಕೊಡುವುದಿಲ್ಲ.

ಇದನ್ನು ಪ್ರೋಗ್ರಾಂ ತಾನೇ ಕಂಡುಹಿಡಿಯುವ ಹಾಗೆ ಬರೆಯಬೇಕು. ಅದಕ್ಕೆ ಸಿಎಫ್‌ಆರ್ ಎಂಬ ವಿಧಾನ ಇದೆ. ಪ್ರೋಗ್ರಾಂ ತನ್ನ ಜೊತೆ ತಾನೇ ಲಕ್ಷ ಸಲ ಆಡುತ್ತದೆ. ಪ್ರತಿ ಸಲ "ಆಗ ಬೇರೆ ಮಾಡಿದ್ದರೆ ಎಷ್ಟು ಸಿಗುತ್ತಿತ್ತು" ಅಂತ ಪಶ್ಚಾತ್ತಾಪವನ್ನು ಎಣಿಸಿಟ್ಟುಕೊಳ್ಳುತ್ತದೆ. ಮುಂದಿನ ಸಲ ಜಾಸ್ತಿ ಪಶ್ಚಾತ್ತಾಪ ಇರುವ ಕಡೆ ಜಾಸ್ತಿ ವಾಲುತ್ತದೆ. ನನ್ನ ಕಿರ್ದಿಯ ಕೊನೆ ಕಾಲಂ ಅದೇ ಅಲ್ವಾ, ಅದಕ್ಕೆ ನಿದ್ದೆ ಕೆಡುವುದಿಲ್ಲ ಅಷ್ಟೇ. ಪೈಥಾನ್‌ನಲ್ಲಿ ನೂರು ಚಿಲ್ಲರೆ ಸಾಲು. ಲಿಬ್ರಾಟಸ್ ಹುಟ್ಟಿದ್ದೂ ಈ ವಂಶದಲ್ಲೇ. ಇಂಟರ್‌ವ್ಯೂನಲ್ಲಿ ಇದನ್ನು ಬೋರ್ಡ್ ಮೇಲೆ ಬರೆದು ವಿವರಿಸುವ ಹುಡುಗನನ್ನು ನಾನಾದರೆ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ.

ಇಷ್ಟರ ನಡುವೆ ಯಾರಿಗಾದರೂ ಈಗಾಗಲೇ ಕೈ ಮೀರಿದ್ದರೆ, ಅಂದರೆ ಸಾಲ, ಸುಳ್ಳು, ಗೋಡೆ ಕಡೆ ಮುಖ, ಆಗ ಪ್ರಾಜೆಕ್ಟ್ ಎಲ್ಲ ಬೇಡ. 14416 ಟೆಲಿ ಮಾನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಅಂತ ಇದೆ, ಫೋನು ಮತ್ತು ಆನ್‌ಲೈನ್ ಆಟದ ಚಟಕ್ಕೇ ಮೀಸಲು. ಆ ಜೂನಿಯರ್‌ಗೆ ಆಗ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಮೂರು ವಾರದ ನಂತರ ತಮ್ಮ ಸ್ಕ್ರೀನ್‌ಶಾಟ್ ಕಳಿಸಿದ. ಮೊದಲ ಆಟಗಾರನ ಸರಾಸರಿ ಫಲ: ಮೈನಸ್ 0.0556. "ಅಣ್ಣಾ, ಎಷ್ಟು ಸಲ ಓಡಿಸಿದ್ರೂ ಮೈನಸ್ ಬರ್ತಿದೆ, ಕೋಡ್ ತಪ್ಪಾ?" ತಪ್ಪಲ್ಲ. ಉತ್ತರ ಮೈನಸ್ 1/18, ಸರಿಯಾಗಿ ಬಂದಿದೆ. ಎಷ್ಟೇ ಜಾಣತನದಿಂದ ಆಡಿದರೂ ಮೊದಲು ಮಾತಾಡುವವನಿಗೆ ಅಷ್ಟು ನಷ್ಟ. ಊರಿಗೆ ಹೋದಾಗ ಅಪ್ಪಾಜಿಗೆ ಇದನ್ನು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಇದಕ್ಕೆ ಕಂಪ್ಯೂಟರ್ ಬೇಕಿತ್ತೇನೋ" ಅಂದು ಮೆಕ್ಕೆಜೋಳದ ರೇಟು ನೋಡಲು ಹೊರಟರು.

ತಮ್ಮ ಈಗ ಆರು ಎಲೆಯ ಲೆಡಕ್ ಆಟಕ್ಕೆ ಕೈ ಹಾಕಿದ್ದಾನೆ. ಕೋಡ್ ಕಳಿಸುವ ಮೊದಲು ಕಿರ್ದಿಯ ಫೋಟೋ ಕಳಿಸು ಅಂದಿದ್ದೇನೆ. ಇನ್ನೂ ಕಳಿಸಿಲ್ಲ.